ಗಿರಿಸೀಮೆಯ ಕಾಲೇಜುಗಳೂ ಮಹಾವಿಶ್ವವಿದ್ಯಾನಿಲಯಗಳ ಕೀರ್ತಿಯೂ



ಚಿಕ್ಕಮಗಳೂರು, ಮೂಡಿಗೆರೆ, ಕಳಸ ಪ್ರಾಂತಗಳ ಮನೆಗಳಲ್ಲಿ ಪ್ರತಿವರ್ಷವೂ ಮುಂಗಾರು ಹಿಡಿಯುವ ಕಾಲಕ್ಕೆ ಒಂದು ಚರ್ಚೆ ತಪ್ಪದೆ ನಡೆಯುವುದು. ಮಗನೋ ಮಗಳೋ ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿರುತ್ತಾರೆ. ಹೊರಗೆ ಮಳೆ ಸುರಿಯುತ್ತಿರಲು ತಂದೆತಾಯಿಗಳು ಜಗಲಿಯಲ್ಲಿ ಕುಳಿತು ಲೆಕ್ಕ ಹಾಕುವರು. ಬೆಂಗಳೂರಿಗೋ ಮೈಸೂರಿಗೋ ಕಳುಹಿಸಬೇಕಾದರೆ ವಸತಿ, ಊಟ, ಶುಲ್ಕಗಳಿಗೆ ಇಷ್ಟು ಹಣ ಬೇಕು. ಸಮೀಪದ ಕಾಲೇಜಿಗೆ ಸೇರಿಸಿದರೆ ಅದರಲ್ಲಿ ಬಹುಪಾಲು ಉಳಿಯುವುದು. ಆದರೆ ಅಷ್ಟರಲ್ಲಿ ಮನೆಯೊಳಗಿನಿಂದ ಒಂದು ಮಾತು ಹೊರಬೀಳುವುದು: “ಇಲ್ಲಿಯ ಕಾಲೇಜಿನಲ್ಲಿ ಓದಿದವರನ್ನು ನಾಳೆ ಕೇಳುವವರು ಯಾರು?” ಆ ಒಂದು ಮಾತಿಗೆ ಲೆಕ್ಕವೆಲ್ಲ ತಲೆಕೆಳಗಾಗುವುದು. ತೋಟವುಳ್ಳವರು ತೋಟದ ಮೇಲೆ ಸಾಲವೆತ್ತುವರು. ತೋಟದ ಲೈನುಮನೆಯಲ್ಲಿ ವಾಸಿಸುವ ಕೂಲಿಕಾರನಿಗೆ ಆ ಸಾಲವೂ ಹುಟ್ಟದು. ಅವನ ಮಗು ಊರ ಕಾಲೇಜಿಗೆ ಹೋಗುವುದು, ಆದರೆ ತನಗೆ ದೊರೆತದ್ದು ಎರಡನೆಯ ದರ್ಜೆಯ ವಿದ್ಯೆಯೆಂಬ ಕೊರಗನ್ನು ಮೊದಲ ದಿನದಿಂದಲೇ ಹೊತ್ತುಕೊಂಡು ಹೋಗುವುದು. ಆದುದರಿಂದ ಸಣ್ಣ ಕಾಲೇಜುಗಳ ಕೀರ್ತಿ ಎಷ್ಟು, ದೊಡ್ಡ ವಿಶ್ವವಿದ್ಯಾನಿಲಯಗಳ ಕೀರ್ತಿ ಎಷ್ಟು, ಆ ಕೀರ್ತಿಗಳಿಗೆ ಆಧಾರವೇನು ಎಂಬುದು ಪಂಡಿತರ ಕಾಲಹರಣದ ವಿಷಯವಲ್ಲ. ಸಂಸಾರಗಳ ಸಾಲವೂ ಮಕ್ಕಳ ಮನೋಧೈರ್ಯವೂ ಅದನ್ನು ಅವಲಂಬಿಸಿರುವುವು.

ಈ ನಾಡಿನಲ್ಲಿ ಎರಡು ಗಾದೆಗಳು ಬಳಕೆಯಲ್ಲಿವೆ. ಹಿತ್ತಲ ಗಿಡ ಮದ್ದಲ್ಲವೆಂಬುದು ಒಂದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಇನ್ನೊಂದು. ಬೆಟ್ಟದ ಮೇಲೆಯೇ ಬಾಳುವ ಜನರಿಗೆ ಎರಡನೆಯ ಗಾದೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಮುಳ್ಳಯ್ಯನಗಿರಿಯನ್ನು ಬಯಲಿನಿಂದ ನೋಡುವವನಿಗೆ ಕಾಣುವ ನುಣುಪು, ಅದನ್ನು ಏರುವವನ ಕಾಲಿಗೆ ಕಾಣದು. ಹಾಗೆಂದು ಬೆಟ್ಟವು ದೊಡ್ಡದಲ್ಲವೆಂದು ಹೇಳುವುದೂ ಸರಿಯಲ್ಲ. ಎರಡನ್ನೂ ಇರುವಂತೆ ಕಾಣುವುದೇ ವಿವೇಕ.

ಮೊದಲು ಪೂರ್ವಚರಿತ್ರೆಯನ್ನು ಸ್ವಲ್ಪ ಅವಲೋಕಿಸಬೇಕು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ನಗರಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಲಂಡನ್ ವಿಶ್ವವಿದ್ಯಾನಿಲಯದ ಅಂದಿನ ಮಾದರಿಯನ್ನು ಅನುಸರಿಸಿ ಹುಟ್ಟಿದ ಇವು ಆರಂಭದಲ್ಲಿ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪಾಠವು ನಡೆಯುತ್ತಿದ್ದುದು ಅಲ್ಲಲ್ಲಿ ಹರಡಿದ್ದ ಕಾಲೇಜುಗಳಲ್ಲಿ. ವಿಶ್ವವಿದ್ಯಾನಿಲಯವು ಪಠ್ಯವನ್ನು ಗೊತ್ತುಮಾಡಿ, ಪರೀಕ್ಷೆ ನಡೆಸಿ, ಪದವಿಯನ್ನು ಕೊಡುತ್ತಿದ್ದಿತು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳು ಸಹ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿಕೊಂಡಿದ್ದುವು. ಇಂದು ಯಾವ ಕಾಲೇಜುಗಳ ಹೆಸರನ್ನು ಕೇಳಿದೊಡನೆ ಜನರು ತಲೆಬಾಗುವರೋ ಅವೇ ಅಂದು ಮದರಾಸಿನ ಕಣ್ಣಿಗೆ ದೂರದ ಪ್ರಾಂತದ ಕಾಲೇಜುಗಳಾಗಿದ್ದುವು.

1916ನೆಯ ಜುಲೈ 27ರಂದು ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ವಿಶ್ವವಿದ್ಯಾನಿಲಯವು ಜನ್ಮತಾಳಿತು. ಬ್ರಿಟಿಷರ ನೇರ ಆಡಳಿತಕ್ಕೆ ಒಳಪಡದ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲನೆಯ ವಿಶ್ವವಿದ್ಯಾನಿಲಯ ಅದು. ಎರಡು ಕಾಲೇಜುಗಳ ಬಲದಿಂದ ಹೊರಟ ಆ ಕೂಸಿಗೆ ಕೀರ್ತಿಯೆಂಬುದು ಶಾಸನದಿಂದ ಬರಲಿಲ್ಲ. ಎಚ್. ವಿ. ನಂಜುಂಡಯ್ಯನವರು, ಬ್ರಜೇಂದ್ರನಾಥ ಸೀಲರು ಕುಲಪತಿಗಳಾಗಿ ಅದನ್ನು ನಡೆಸಿದರು, ಎಂ. ಹಿರಿಯಣ್ಣನವರಂತಹ ವಿದ್ವಾಂಸರು ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದರು. ಮುಂದೆ ಭಾರತದ ರಾಷ್ಟ್ರಪತಿಗಳಾದ ಸರ್ವಪಲ್ಲಿ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಅಲ್ಲಿಯೇ ತತ್ತ್ವಶಾಸ್ತ್ರವನ್ನು ಬೋಧಿಸಿದರು. ಗುರುಗಳು ಮೊದಲು ಬಂದರು, ಅವರ ಹಿಂದೆ ಶಿಷ್ಯರು ಬಂದರು, ಎಲ್ಲಕ್ಕೂ ಕೊನೆಯಲ್ಲಿ ಕೀರ್ತಿ ಬಂದಿತು. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ಸಣ್ಣ ಕಾಲೇಜುಗಳ ವಿಚಾರದಲ್ಲಿ ಹತಾಶರಾಗಬೇಕಾದ ಕಾರಣವಿಲ್ಲವೆಂದು ತೋರುವುದು.

ಉತ್ತರ ಕರ್ನಾಟಕದ ನಿದರ್ಶನವು ಶ್ರೀಮಠದ ಭಕ್ತರಿಗೆ ಇನ್ನೂ ಆಪ್ತವಾದುದು. ಅದೇ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಉಪಾಧ್ಯಾಯರು ಸೇರಿ ಒಂದು ಶಾಲೆಯನ್ನು ತೆರೆದರು. ಅದೇ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯ ಬೀಜ. ಆ ಏಳು ಮಂದಿಯನ್ನು ಜನರು ಸಪ್ತರ್ಷಿಗಳೆಂದು ಕರೆದರು. ಶಿ. ಶಿ. ಬಸವನಾಳರು ಅವರಲ್ಲಿ ಒಬ್ಬರು. ವಚನಸಾಹಿತ್ಯದ ಸಂಪಾದನಕಾರ್ಯದಲ್ಲಿ ಅವರ ಹೆಸರು ಸ್ಥಿರವಾಗಿ ನಿಂತಿದೆ. 1933ರಲ್ಲಿ ಲಿಂಗರಾಜ ಕಾಲೇಜು ಸ್ಥಾಪಿತವಾದಾಗ ಅದರ ವಿದ್ಯಾರ್ಥಿಗಳು ಮುಂಬಯಿ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರಬೇಕಾಗಿದ್ದಿತು. ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟಿದುದು 1949ರಲ್ಲಿ. ಮುಂಬಯಿಯ ಕಣ್ಣಿಗೆ ಬೆಳಗಾವಿಯ ಕಾಲೇಜು ಗಡಿಸೀಮೆಯ ಒಂದು ಸಣ್ಣ ಸಂಸ್ಥೆಯಷ್ಟೆ. ಆದರೆ ಹಳ್ಳಿಯ ಒಕ್ಕಲು ಮಕ್ಕಳಿಗೆ ಅದು ತೆರೆದ ಬಾಗಿಲನ್ನು ಮುಂಬಯಿಯ ಕಟ್ಟಡಗಳು ಎಂದಿಗೂ ತೆರೆದಿರಲಿಲ್ಲ.

ಇನ್ನು ಗಿರಿಸೀಮೆಯ ಸಂಗತಿಗೆ ಬರಬಹುದು. ಈ ಜಿಲ್ಲೆಯ ಪದವಿ ಕಾಲೇಜುಗಳು 1987ಕ್ಕೆ ಮೊದಲು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಆ ವರ್ಷ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಲು, ಇವು ಅದರ ಆಶ್ರಯಕ್ಕೆ ಬಂದುವು. ಚಿಕ್ಕಮಗಳೂರಿನ ಐ.ಡಿ.ಎಸ್.ಜಿ. ಸರ್ಕಾರೀ ಕಾಲೇಜಿನ ವಿದ್ಯಾರ್ಥಿಯು ಒಂದು ವರ್ಷ ಮೈಸೂರಿನ ಪದವೀಧರನಾಗಿದ್ದರೆ, ಕೆಲವೇ ವರ್ಷಗಳ ತರುವಾಯ ಅವನ ತಮ್ಮನು ಕುವೆಂಪು ವಿಶ್ವವಿದ್ಯಾನಿಲಯದ ಪದವೀಧರನಾದನು. ಊರು ಅದೇ, ಕಾಲೇಜು ಅದೇ. ಪ್ರಶಸ್ತಿಪತ್ರದ ಮೇಲಿನ ಹೆಸರು ಮಾತ್ರ ಬೇರೆ. ಇಂಜಿನಿಯರಿಂಗ್ ಕಾಲೇಜುಗಳ ಪದವಿಪತ್ರಕ್ಕೆ 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಹೆಸರು ಬಂದಿತು. ಮೂಡಿಗೆರೆಯ ತೋಟಗಾರಿಕೆ ಕಾಲೇಜು ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, ಇಂದು ಶಿವಮೊಗ್ಗದಲ್ಲಿರುವ ಕೆಳದಿ ಶಿವಪ್ಪ ನಾಯಕರ ಹೆಸರಿನ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಹೆಸರು ಬದಲಾದ ಮಾತ್ರಕ್ಕೆ ಕಲಿತವನ ತಲೆಯೊಳಗಿನ ವಿದ್ಯೆ ಹೆಚ್ಚಿತೇ, ಕುಗ್ಗಿತೇ?

ಕಾಫಿಯ ಬೆಳೆಗಾರರಿಗೆ ಈ ವಿಷಯವು ಬೇರೊಂದು ಅನುಭವದಿಂದ ಚೆನ್ನಾಗಿ ತಿಳಿದಿದೆ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ, 1942ರ ಕಾಫಿ ಶಾಸನದ ಮೇರೆಗೆ ಬೆಳೆಗಾರರು ಮನೆಯ ಬಳಕೆಗೆ ಇಟ್ಟುಕೊಂಡು ಉಳಿದ ಫಸಲನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಯಿತು. ಆ ವ್ಯವಸ್ಥೆಯಿಂದ ಸಣ್ಣ ಬೆಳೆಗಾರನಿಗೆ ರಕ್ಷಣೆ ದೊರೆಯಿತೆಂಬುದು ನಿಜ. ಆದರೆ ಎಚ್ಚರಿಕೆಯಿಂದ ಹಣ್ಣು ಬಿಡಿಸಿ, ಹದವಾಗಿ ಪಲ್ಪ್ ಮಾಡಿ, ಕಣದಲ್ಲಿ ಒಣಗಿಸಿದವನ ಕಾಫಿಯೂ ಅಷ್ಟು ಶ್ರಮವಹಿಸದವನ ಕಾಫಿಯೂ ಒಂದೇ ರಾಶಿಗೆ ಸೇರುತ್ತಿದ್ದುವು. ದರ್ಜೆಗೆ ತಕ್ಕ ಅಂಕ ದೊರೆತರೂ ಬೆಳೆದವನ ಹೆಸರು ಕುಡಿಯುವವನಿಗೆ ತಲಪುತ್ತಿರಲಿಲ್ಲ. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಗಿ, 1996ರ ವೇಳೆಗೆ ಬೆಳೆಗಾರನು ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯವನ್ನು ಪಡೆದನು. 2019ರಲ್ಲಿ ಚಿಕ್ಕಮಗಳೂರು ಅರಾಬಿಕಾ, ಬಾಬಾಬುಡನ್‌ಗಿರಿ ಅರಾಬಿಕಾ ಎಂಬ ಹೆಸರುಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ರಾಶಿಯಲ್ಲಿ ಕರಗಿಹೋಗಿದ್ದ ಗಿರಿಯ ಹೆಸರು ಹೀಗೆ ಮತ್ತೆ ತಲೆಯೆತ್ತಿತು.

ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳ ಸ್ಥಿತಿಯೂ ಪೂಲಿಗೆ ಸೇರಿದ ಕಾಫಿಯ ಸ್ಥಿತಿಯಂತೆಯೇ ಇದೆ. ಒಂದೇ ಪ್ರಶ್ನಪತ್ರಿಕೆ, ಒಂದೇ ಪದವಿ, ಒಂದೇ ಮುದ್ರೆ. ಉತ್ತಮವಾಗಿ ಪಾಠ ನಡೆಯುವ ಕಾಲೇಜಿಗೂ ಹೆಸರಿಗೆ ಮಾತ್ರ ತೆರೆದಿರುವ ಕಾಲೇಜಿಗೂ ಪ್ರಶಸ್ತಿಪತ್ರದಲ್ಲಿ ಭೇದವು ಕಾಣುವುದಿಲ್ಲ. ಭೇದವು ಕಾಣದಿರುವಲ್ಲಿ ಜನರು ಊರಿನ ಗಾತ್ರವನ್ನು ನೋಡಿ ಬೆಲೆ ಕಟ್ಟುವರು. ದೊಡ್ಡ ನಗರದ ಕಾಲೇಜು ದೊಡ್ಡದು, ಸಣ್ಣ ಊರಿನದು ಸಣ್ಣದು ಎಂಬ ಭಾವನೆಗೆ ಮೂಲವಿದು. ಈ ದೋಷವನ್ನು ಕಂಡೇ 1994ರಲ್ಲಿ ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡು ನ್ಯಾಕ್ ಎಂಬ ರಾಷ್ಟ್ರೀಯ ಮೌಲ್ಯಮಾಪನ ಸಂಸ್ಥೆಯು ಸ್ಥಾಪಿತವಾಯಿತು. ವಿಶ್ವವಿದ್ಯಾನಿಲಯದ ಹೆಸರಿನ ನೆರಳಿನಿಂದ ಹೊರಗೆ ಬಂದು ಕಾಲೇಜು ತನ್ನ ಯೋಗ್ಯತೆಯಿಂದ ತಾನೇ ಒಂದು ದರ್ಜೆಯನ್ನು ಪಡೆಯುವ ದಾರಿ ಅದರಿಂದ ಉಂಟಾಯಿತು. ದರ್ಜೆಯ ಅಕ್ಷರವೇ ವಿದ್ಯೆಯಲ್ಲವಾದರೂ, ಮಗುವನ್ನು ಸೇರಿಸುವ ಮೊದಲು ವಿಚಾರಿಸಿ ನೋಡಲು ಪೋಷಕರಿಗೆ ಒಂದು ಆಧಾರವಂತೂ ದೊರೆತಿದೆ.

ಸಣ್ಣ ಸ್ಥಳದಿಂದ ದೊಡ್ಡ ವಿದ್ಯೆ ಹುಟ್ಟುವುದುಂಟೇ ಎಂದು ಶಂಕಿಸುವವರು ಬಹುದೂರ ಹೋಗಬೇಕಾಗಿಲ್ಲ. ಬಾಳೆಹೊನ್ನೂರಿನವರೆಗೆ ಹೋದರೆ ಸಾಕು. ಎಲೆತುಕ್ಕಿನ ರೋಗವು 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿಯ ಕೃಷಿಯನ್ನೇ ಅಳಿಸಿಹಾಕಿತು. ಅದೇ ವಿಪತ್ತು ಈ ಗಿರಿಗಳನ್ನೂ ಪೀಡಿಸುತ್ತಿರಲು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯು ಡಾ. ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕೇಂದ್ರವನ್ನು ತೆರೆಯಿತು. ಅಡಕೆಯ ಕೊಳೆರೋಗಕ್ಕೆ ಕಾರಣವನ್ನು ಕಂಡುಹಿಡಿದು, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿಗೆ ಕಲಿಸಿದವರೂ ಇದೇ ಕೋಲ್ಮನ್ನರು. ಭದ್ರೆಯ ದಡದ ಕಾಡಿನ ನಡುವಣ ಆ ಸಣ್ಣ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿಯು 1930ರ ದಶಕದಲ್ಲಿ, ತುಕ್ಕುರೋಗದ ಶಿಲೀಂಧ್ರವು ಒಂದೇ ಬಗೆಯದಲ್ಲ, ಅದರಲ್ಲಿ ಬೇರೆಬೇರೆ ಪ್ರಭೇದಗಳುಂಟು ಎಂಬುದನ್ನು ಲೋಕದಲ್ಲಿ ಮೊದಲಿಗೆ ತೋರಿಸಿಕೊಟ್ಟನು. ಅಲ್ಲಿಯೇ ರೂಪುಗೊಂಡ ಎಸ್. 795 ಎಂಬ ತಳಿಯು 1940ರ ದಶಕದಲ್ಲಿ ಬೆಳೆಗಾರರ ಕೈಸೇರಿ ಇಂದಿಗೂ ಅನೇಕ ತೋಟಗಳಲ್ಲಿ ಫಲ ಕೊಡುತ್ತಿದೆ. ಆ ತಳಿಯ ಒಂದು ಪಿತೃವಾದ ಕೆಂಟ್ಸ್ ಎಂಬುದು 1911ರಲ್ಲಿ ಚಿಕ್ಕಮಗಳೂರು ಸೀಮೆಯ ಒಬ್ಬ ತೋಟಗಾರನು ತನ್ನ ತೋಟದಲ್ಲಿಯೇ ಆರಿಸಿದ ಗಿಡದ ಸಂತತಿ. ಮೂಡಿಗೆರೆಯ ಸಂಶೋಧನ ಕೇಂದ್ರದಿಂದ ಹೊರಬಂದ ಏಲಕ್ಕಿಯ ತಳಿಗೆ ಮೂಡಿಗೆರೆ-1 ಎಂದೇ ಹೆಸರು. ಸ್ಥಳವು ಸಣ್ಣದಾದರೂ ಪ್ರಶ್ನೆಯು ನಿಜವಾದುದಾಗಿ, ಅದನ್ನು ಹಿಡಿದವರು ಬಿಡದೆ ದುಡಿದುದರಿಂದ ಈ ಕೀರ್ತಿಯು ಬಂದಿತು.

ವ್ಯಕ್ತಿಗಳ ಚರಿತ್ರೆಯೂ ಇದೇ ಪಾಠವನ್ನು ಹೇಳುವುದು. ಉಡುಪಿ ಸೀಮೆಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಉಡುಪಿ ರಾಮಚಂದ್ರ ರಾಯರು ಇಂಟರ್‌ಮೀಡಿಯೆಟ್ ತರಗತಿಯನ್ನು ಓದಿದುದು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ, ಬಿ.ಎಸ್ಸಿ. ಪದವಿಗೆ ಓದಿದುದು ಅನಂತಪುರದ ಸರ್ಕಾರೀ ಕಾಲೇಜಿನಲ್ಲಿ. ಅಲ್ಲಿಂದ ಮುಂದೆ ಅವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಅನಂತರ ವಿಕ್ರಮ ಸಾರಾಭಾಯಿಯವರ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟನ್ನು ಪಡೆದರು. 1975ರ ಏಪ್ರಿಲ್ 19ರಂದು ಆಕಾಶಕ್ಕೆ ಏರಿದ ಭಾರತದ ಮೊದಲ ಉಪಗ್ರಹ ಆರ್ಯಭಟವು ಅವರ ನೇತೃತ್ವದಲ್ಲಿ ನಿರ್ಮಿತವಾದುದು. 1984ರಿಂದ 1994ರವರೆಗೆ ಅವರು ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಬಳ್ಳಾರಿಯ ಕಾಲೇಜಿನಿಂದಲೇ ಉಪಗ್ರಹವು ಹಾರಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಬಳ್ಳಾರಿಯಲ್ಲಿ ಆ ಕಾಲೇಜು ಇಲ್ಲದಿದ್ದಲ್ಲಿ, ಕಾಶಿಯ ದಾರಿಯು ಅಷ್ಟು ಸುಗಮವಾಗಿ ತೆರೆಯುತ್ತಿದ್ದಿತೇ ಎಂಬುದು ಯೋಚಿಸತಕ್ಕ ವಿಷಯ.

ಈ ದೃಷ್ಟಾಂತದಲ್ಲಿಯೇ ಎದುರು ಪಕ್ಷದ ಸತ್ಯವೂ ಅಡಗಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ರಾಯರು ಅನಂತಪುರದಲ್ಲಿಯೇ ನಿಲ್ಲಲಿಲ್ಲ. ದೊಡ್ಡ ವಿಶ್ವವಿದ್ಯಾನಿಲಯದ ಗ್ರಂಥಭಂಡಾರ, ಬೆಲೆಬಾಳುವ ಯಂತ್ರಗಳುಳ್ಳ ಪ್ರಯೋಗಶಾಲೆ, ನಾನಾ ದೇಶಗಳಿಂದ ಬಂದು ಹೋಗುವ ವಿದ್ವಾಂಸರು, ಒಂದೇ ವಿಷಯದಲ್ಲಿ ಆಸಕ್ತರಾದ ನೂರಾರು ಸಹಪಾಠಿಗಳು, ಇವೆಲ್ಲ ಸಣ್ಣ ಕಾಲೇಜಿಗೆ ಎಟುಕದ ಸಂಪತ್ತು. ಕುವೆಂಪು ಅವರು 1904ರಲ್ಲಿ ಜನಿಸಿದುದು ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಓದು ಅವರನ್ನು ತೀರ್ಥಹಳ್ಳಿಯಿಂದ ಮೈಸೂರಿಗೆ ಕರೆದೊಯ್ದಿತು. ಮಹಾರಾಜಾ ಕಾಲೇಜಿನ ವಿದ್ಯಾರ್ಥಿಯಾಗಿ ಸೇರಿದವರು ಅಧ್ಯಾಪಕರಾಗಿ, 1956ರಿಂದ 1960ರವರೆಗೆ ಆ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಮಲೆಯ ಮಗುವಿಗೆ ಮಹಾನಗರವು ಬೇಡವೆಂದು ಯಾರೂ ಹೇಳಲಾರರು. ಅವರ ಪುತ್ರರಾದ ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನಲ್ಲಿ ಓದಿ, ಅಲ್ಲಿ ನಿಲ್ಲದೆ ಮೂಡಿಗೆರೆಗೆ ಬಂದು ತೋಟಗಾರರಾದರು. 1980ರಲ್ಲಿ ಪ್ರಕಟವಾದ ಅವರ ‘ಕರ್ವಾಲೊ’ ಕಾದಂಬರಿಯಲ್ಲಿ ಮೂಡಿಗೆರೆಯ ಒಬ್ಬ ವಿಜ್ಞಾನಿಯು ಹಾರುವ ಓತಿಯನ್ನು ಹುಡುಕುವಾಗ, ಕಾಡನ್ನು ಬಲ್ಲ ಹಳ್ಳಿಗನೇ ಅವನಿಗೆ ದಾರಿ ತೋರುವನು. ಒಬ್ಬರು ಗಿರಿಯಿಂದ ವಿಶ್ವವಿದ್ಯಾನಿಲಯಕ್ಕೆ ಹೋದರು, ಇನ್ನೊಬ್ಬರು ವಿಶ್ವವಿದ್ಯಾನಿಲಯದಿಂದ ಗಿರಿಗೆ ಬಂದರು. ವಿದ್ಯೆಗೆ ಈ ಎರಡು ದಾರಿಗಳೂ ಬೇಕು.

ಹಾಗಾದರೆ ಸಣ್ಣ ಕಾಲೇಜಿನ ವಿಶೇಷವೇನು? ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರು ದೂರ. ಮೂಡಿಗೆರೆಯಿಂದ ಸುಮಾರು 30. ಆಷಾಢದ ಮಳೆಯಲ್ಲಿ ಮರ ಉರುಳಿ ರಸ್ತೆ ಕಟ್ಟಿದರೆ ಮೂವತ್ತು ಕಿಲೋಮೀಟರೂ ನೂರಾಗುವುದು. ಇಂತಹ ಸೀಮೆಯಲ್ಲಿ ಹೆಣ್ಣುಮಗುವಿನ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದನ್ನು ಅನೇಕ ವೇಳೆ ಕಾಲೇಜಿನ ದೂರವೇ ನಿರ್ಣಯಿಸುವುದು. ಮೂಡಿಗೆರೆಯಲ್ಲಿ ಪ್ರಥಮ ದರ್ಜೆಯ ಕಾಲೇಜೊಂದು ಇರುವುದರಿಂದಲೇ ತಮ್ಮ ಮನೆತನದಲ್ಲಿ ಮೊದಲ ಪದವೀಧರರಾಗುವ ಹೆಣ್ಣುಮಕ್ಕಳು ಇರುವರಷ್ಟೆ. ಅವರ ಪಾಲಿಗೆ ಹೋಲಿಕೆಯು ಮೂಡಿಗೆರೆಗೂ ಮೈಸೂರಿಗೂ ನಡುವೆ ಇಲ್ಲ, ಕಾಲೇಜಿಗೂ ಅಡಿಗೆಮನೆಗೂ ನಡುವೆ ಇದೆ. ಎರಡನೆಯದಾಗಿ, ನಲವತ್ತು ಮಂದಿಯ ತರಗತಿಯಲ್ಲಿ ಗುರುವು ಶಿಷ್ಯನನ್ನು ಹೆಸರಿನಿಂದ ಕರೆಯುವನು. ಕಾಫಿ ಕೊಯ್ಲಿನ ಕಾಲದಲ್ಲಿ ಅವನು ಏಕೆ ಬರಲಿಲ್ಲವೆಂಬುದನ್ನು ಬಲ್ಲನು. ಇಂಗ್ಲಿಷಿನಲ್ಲಿ ತಡವರಿಸಿದವನಿಗೆ ಕನ್ನಡದಲ್ಲಿ ಬಿಡಿಸಿ ಹೇಳುವನು. ಮಹಾನಗರದ ಜನಸಮೂಹದಲ್ಲಿ ಈ ಭಾಗ್ಯವು ಎಲ್ಲರಿಗೂ ಲಭಿಸದು.

ಆದರೆ ಸಣ್ಣತನವೇ ಗುಣವೆಂದು ಸಣ್ಣ ಕಾಲೇಜು ಬೀಗಬಾರದು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಬಡತನ ಎಂಬಂತೆ, ಕಾಲೇಜೆಂಬ ಹಲಗೆಯನ್ನು ತೂಗಹಾಕಿ ಖಾಯಂ ಅಧ್ಯಾಪಕರಿಲ್ಲದೆ, ವರ್ಷವರ್ಷವೂ ಬದಲಾಗುವ ಅತಿಥಿ ಉಪನ್ಯಾಸಕರಿಂದಲೇ ಕಾಲ ತಳ್ಳುವ ಸಂಸ್ಥೆಗಳು ನಾಡಿನಲ್ಲಿ ಇಲ್ಲವೆಂದಿಲ್ಲ. ಆ ಅತಿಥಿ ಉಪನ್ಯಾಸಕರ ದೋಷವು ಅದರಲ್ಲಿ ಕಿಂಚಿತ್ತೂ ಇಲ್ಲ. ನಾಳೆಯ ಭರವಸೆಯಿಲ್ಲದವನು ಇಂದಿನ ಪಾಠದಲ್ಲಿ ಎಷ್ಟು ದಿನ ಮನಸ್ಸಿಡಬಲ್ಲನು? ನಿಲ್ಲುವ ಗುರುವಿಲ್ಲದೆ ಕೀರ್ತಿಯು ನಿಲ್ಲದು. ಬೀಗ ಹಾಕಿದ ಗ್ರಂಥಾಲಯ, ಧೂಳು ಹಿಡಿದ ಪ್ರಯೋಗಶಾಲೆಗಳನ್ನು ಕಂಡ ಪೋಷಕನು ಮಗುವನ್ನು ಬೆಂಗಳೂರಿಗೆ ಕರೆದೊಯ್ದರೆ ಅವನನ್ನು ದೂರುವುದು ಹೇಗೆ?

ಕಾಫಿಯ ಸಸಿಯನ್ನು ಮೊದಲು ಪಾತಿಯಲ್ಲಿ ಬೆಳೆಸುವರು. ಚಪ್ಪರದ ನೆರಳು, ಹದವಾದ ಗೊಬ್ಬರ, ದಿನದಿನದ ಆರೈಕೆಗಳಿಂದ ಬೇರು ನೆಟ್ಟಗೆ ಇಳಿದ ಮೇಲೆಯೇ ಅದನ್ನು ತೋಟದ ಗುಂಡಿಗೆ ಸಾಗಿಸುವರು. ಪಾತಿಯಲ್ಲಿ ಬೇರು ಡೊಂಕಾದರೆ ತೋಟವು ಎಷ್ಟು ವಿಶಾಲವಾಗಿದ್ದರೂ ಗಿಡವು ಏಳದು. ಪಾತಿಯಲ್ಲಿಯೇ ಉಳಿದ ಸಸಿಯೂ ಫಲ ಕೊಡದು. ಸಣ್ಣ ಕಾಲೇಜು ಪಾತಿ, ಮಹಾವಿಶ್ವವಿದ್ಯಾನಿಲಯ ತೋಟ. ಪಾತಿಗೆ ತಕ್ಕ ಆರೈಕೆ ಮಾಡದೆ ತೋಟದ ಇಳುವರಿಯನ್ನು ಹೊಗಳುವ ಬೆಳೆಗಾರನನ್ನು ಈ ಸೀಮೆಯಲ್ಲಿ ಜಾಣನೆಂದು ಯಾರೂ ಕರೆಯರು.

ಈ ಆರೈಕೆಯಲ್ಲಿ ಮಠಗಳ ಪಾಲು ಎಷ್ಟೆಂಬುದನ್ನು ಶತಮಾನದ ಚರಿತ್ರೆಯು ಹೇಳುವುದು. ತುಮಕೂರಿನ ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ, ಸುತ್ತೂರಿನಲ್ಲಿ, ಇನ್ನೂ ಅನೇಕ ಕಡೆಗಳಲ್ಲಿ ಪ್ರಸಾದನಿಲಯಗಳು ತೆರೆದುವು. ಬಡವರ ಮಕ್ಕಳು ಅಲ್ಲಿ ಉಂಡು, ಹತ್ತಿರದ ಕಾಲೇಜಿನಲ್ಲಿ ಓದಿದರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ತಾವು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1930ರಲ್ಲಿ ಮಠದ ಹೊಣೆಗೆ ಒಳಗಾಗಿ, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಅಸಂಖ್ಯ ಮಕ್ಕಳಿಗೆ ಅನ್ನ ಅಕ್ಷರಗಳೆರಡನ್ನೂ ನೀಡಿದರು. ದೊಡ್ಡ ಕಾಲೇಜಿನಲ್ಲಿ ಪಡೆದುದನ್ನು ಸಣ್ಣ ಊರಿನ ಮಕ್ಕಳಿಗೆ ಹಂಚಿದ ಜೀವನ ಅದು.

ಆದುದರಿಂದ ಭಕ್ತರು ಮಾಡತಕ್ಕ ಕಾರ್ಯವು ಸ್ಪಷ್ಟವಾಗಿದೆ. ಕಾಲೇಜಿಗೆ ಕಟ್ಟಡವನ್ನು ದಾನಮಾಡಿ ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಕ್ಕಿಂತ, ಗ್ರಂಥಾಲಯವು ಸಂಜೆಯ ಹೊತ್ತಿನಲ್ಲಿಯೂ ತೆರೆದಿರುವಂತೆ ಒಬ್ಬ ಗ್ರಂಥಪಾಲಕನ ವೇತನವನ್ನು ವಹಿಸಿಕೊಳ್ಳುವುದು ಹೆಚ್ಚಿನ ದಾನ. ದೂರದ ತೋಟಗಳಿಂದ ಬರುವ ಹೆಣ್ಣುಮಕ್ಕಳಿಗೆ ಸುರಕ್ಷಿತವಾದ ನಿಲಯವನ್ನು ನಡೆಸುವುದು ಅದಕ್ಕೂ ಹೆಚ್ಚಿನದು. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಉನ್ನತ ಸ್ಥಾನದಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನ ತಾವು ಓದಿದ ಕಾಲೇಜಿಗೆ ಬಂದು ಪಾಠ ಹೇಳಿದರೆ, ಮಹಾನಗರದ ಸಂಪರ್ಕವು ಗಿರಿಯ ಮಕ್ಕಳಿಗೆ ಮನೆಯ ಬಾಗಿಲಲ್ಲಿಯೇ ದೊರೆಯುವುದು. ಪದವಿಯನ್ನು ಊರಿನಲ್ಲಿ ಮುಗಿಸಿ ಉನ್ನತ ವ್ಯಾಸಂಗಕ್ಕೆ ಹೊರಡುವವರಿಗೆ ವಿದ್ಯಾರ್ಥಿವೇತನವನ್ನು ಕೊಟ್ಟರೆ, ಮೊದಲ ಮೂರು ವರ್ಷಗಳಲ್ಲಿ ಉಳಿದ ಹಣವು ಮುಂದಿನ ವ್ಯಾಸಂಗಕ್ಕೆ ಸಾರ್ಥಕವಾಗಿ ಒದಗುವುದು.

ಜಗಲಿಯಲ್ಲಿ ಕುಳಿತ ಆ ತಂದೆತಾಯಿಗಳಿಗೂ ಒಂದು ಮಾತು ಸಲ್ಲುತ್ತದೆ. ಕಾಲೇಜಿನ ಹೆಸರನ್ನು ಕೇಳುವ ಮೊದಲು ಅಲ್ಲಿಯ ಗುರುಗಳನ್ನು ನೋಡುವುದು ಒಳ್ಳೆಯದು. ಗ್ರಂಥಾಲಯದ ಬಾಗಿಲು ತೆರೆದಿದೆಯೇ, ಪ್ರಯೋಗಶಾಲೆಯ ಬೆಂಚು ಸವೆದಿದೆಯೇ, ಕಳೆದ ವರ್ಷ ಹೊರಬಂದ ಹುಡುಗರು ಎಲ್ಲಿದ್ದಾರೆ ಎಂದು ವಿಚಾರಿಸುವುದು ಒಳ್ಳೆಯದು. ಇವೆಲ್ಲವೂ ಸರಿಯಾಗಿದ್ದಲ್ಲಿ ತೋಟವನ್ನು ಒತ್ತೆಯಿಡುವ ಅಗತ್ಯವಿಲ್ಲ. ಸರಿಯಾಗಿಲ್ಲದಿದ್ದಲ್ಲಿ ಮಗುವನ್ನು ಬೇರೆಡೆಗೆ ಕಳುಹಿಸಿದರೂ, ಸರಿಮಾಡುವ ಹೊಣೆಯು ಊರಿನವರಿಗೆ ತಪ್ಪಿದ್ದಲ್ಲ. ಏಕೆಂದರೆ ಲೈನುಮನೆಯ ಮಗುವಿಗೆ ಬೇರೆಡೆಯೆಂಬುದಿಲ್ಲ.

ಮೈಸೂರು ಒಂದು ಕಾಲಕ್ಕೆ ಸಣ್ಣದಾಗಿದ್ದಿತು. ಬೆಳಗಾವಿಯ ಕಾಲೇಜು ಸಣ್ಣದಾಗಿದ್ದಿತು. ಬಾಳೆಹೊನ್ನೂರಿನ ಕೇಂದ್ರವು ಕಾಡಿನ ನಡುವಣ ಒಂದು ಪ್ರಯೋಗಸ್ಥಾನವಾಗಿದ್ದಿತು. ಬಿಡದೆ ದುಡಿದ ಗುರುಗಳೂ ಕೈಬಿಡದ ಜನರೂ ಇದ್ದುದರಿಂದ ಅವು ಬೆಳೆದುವು. ಗಿರಿಸೀಮೆಯ ಕಾಲೇಜುಗಳಿಗೂ ಅಂತಹ ಗುರುಗಳೂ ಅಂತಹ ಪೋಷಕರೂ ದೊರೆಯಲಿ. ಮೂಡಿಗೆರೆಯಲ್ಲಿ ಓದಿದೆನೆಂದು ಹೇಳುವ ಮಗುವು ತಲೆ ತಗ್ಗಿಸದೆ ಹೇಳುವ ಕಾಲವು ಬೇಗನೆ ಬರಲಿ.